ಏಕವಚನದ ಮಕ್ಕಳು

ಕೇಳುಗರೆಲ್ಲರಿಗೂ ನಮಸ್ಕಾರ.

ವಿಶೇಷ ಶಿಕ್ಷಣದ ತರಗತಿಯಲ್ಲಿ ಮಗುವೊಂದು ಪುಸ್ತಕವನ್ನು ನೆಲಕ್ಕೆಸೆದು, ‘ನೀನು ಹೋಗು, ನಾನು ಬರೆಯಲ್ಲ’ ಎಂದು ಶಿಕ್ಷಕಿಗೆ ಹೇಳಿದರೆ, ಹಿರಿಯರನ್ನು ಬಹುವಚನದಲ್ಲಿಯೇ ಮಾತನಾಡಿಸುತ್ತ ಬೆಳೆದ ನಮಗೆ ಎಸೆದ ಪುಸ್ತಕಕ್ಕಿಂತ ಆ ಏಕವಚನವೇ ಹೆಚ್ಚು ನೋವು ಕೊಡುತ್ತದೆ. ಆದರೆ ‘ನೀನು’ ಎಲ್ಲಿ, ‘ನೀವು’ ಎಲ್ಲಿ ಎಂಬುದು ಎದುರಿಗಿರುವವರ ವಯಸ್ಸು, ಸ್ಥಾನ, ಸಲುಗೆಗಳನ್ನು ಅಳೆದು ನಿರ್ಧರಿಸಬೇಕಾದ ಸಂಗತಿ. ಆಟಿಸಂ ಅಥವಾ ಬೌದ್ಧಿಕ ನ್ಯೂನತೆಯುಳ್ಳ ಅನೇಕ ಮಕ್ಕಳಿಗೆ ಕಷ್ಟವಾಗುವುದು ಈ ಅಳತೆಯೇ. ‘ಬಾ, ಕೂತ್ಕೋ, ಬರಿ’ ಎಂದು ದಿನವಿಡೀ ಕೇಳಿಸಿಕೊಂಡ ಮಗು ಅದೇ ಮಾತನ್ನು ನಮಗೆ ಹಿಂತಿರುಗಿಸುತ್ತದೆ. ಇದನ್ನು ಅರಿತ ಮೇಲೆ ನಾನು ಮಕ್ಕಳಿಗೂ ‘ಬನ್ನಿ, ಕೂತ್ಕೊಳ್ಳಿ’ ಎನ್ನತೊಡಗಿದೆ.

ಬೈಗುಳದ ವಿಷಯ ಬೇರೆ. ನನ್ನ ತರಗತಿಯಲ್ಲಿ ಹತ್ತು ವರ್ಷದ ಹುಡುಗನೊಬ್ಬ ಗಣಿತದ ಅವಧಿ ಬಂದರೆ ಬೈಯುತ್ತಿದ್ದ. ನಾನು ಅವನನ್ನು ವರಾಂಡಕ್ಕೆ ಕಳುಹಿಸುತ್ತಿದ್ದೆ. ಎರಡು ವಾರಗಳಲ್ಲಿ, ನಾನು ಪುಸ್ತಕ ತೆರೆಯುವ ಮೊದಲೇ ಅವನು ಬೈಯತೊಡಗಿದ. ಲೆಕ್ಕದಿಂದ ಪಾರಾಗುವ ದಾರಿಯನ್ನು ಅವನಿಗೆ ಕಲಿಸಿದವಳು ನಾನೇ ಎಂಬುದು ಹೊಳೆದಾಗ ನನಗೆ ಬಹಳ ದುಃಖವಾಯಿತು. ಆಮೇಲೆ ಪ್ರತಿ ಬಾರಿಯೂ ಬೈಗುಳಕ್ಕೆ ಮೊದಲು ಏನಾಯಿತು, ಅವನು ಏನು ಮಾಡಿದ, ಅನಂತರ ಏನಾಯಿತು ಎಂದು ಮೂರು ಕಾಲಂಗಳಲ್ಲಿ ಬರೆದಿಟ್ಟೆ. ಹುಣಸೆಬೀಜ ಎಣಿಸುವಾಗ ಬೈಗುಳವಿರಲಿಲ್ಲ. ಬರೆದು ಕೂಡುವಾಗ ಮಾತ್ರ ಇತ್ತು. ಹತ್ತು ಲೆಕ್ಕಗಳನ್ನು ಮೂರಕ್ಕೆ ಇಳಿಸಿ, ‘ಬಿಡುವು ಬೇಕು’ ಎಂಬ ಚಿತ್ರದ ಕಾರ್ಡೊಂದನ್ನು ಅವನ ಮೇಜಿನ ಮೇಲಿಟ್ಟು, ಅದನ್ನು ತೋರಿಸಿದ ತಕ್ಷಣ ಎರಡು ನಿಮಿಷ ಬಿಡುವು ಕೊಟ್ಟೆ; ಬೈದಾಗ ಮಾತ್ರ ಲೆಕ್ಕ ಅಲ್ಲಿಯೇ ಉಳಿಯುತ್ತಿತ್ತು.

ಮೊದಲ ಕೆಲವು ದಿನ ಬೈಗುಳ ಹೆಚ್ಚಾಯಿತು. ಹಳೆಯ ಉಪಾಯ ಫಲಿಸದಿದ್ದಾಗ ಮಗು ಅದನ್ನೇ ಇನ್ನಷ್ಟು ಜೋರಾಗಿ ಪ್ರಯೋಗಿಸುವುದು ಸಹಜ. ಶಿಕ್ಷಕರು ಈ ಹಂತದಲ್ಲಿ ಸೋತು ಹೊರಗೆ ಕಳುಹಿಸಿಬಿಟ್ಟರೆ, ಜೋರು ಮಾಡಿದರೆ ಕೆಲಸವಾಗುತ್ತದೆ ಎಂಬ ಪಾಠವೇ ಗಟ್ಟಿಯಾಗುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಹಾಗೆಂದು ಎಲ್ಲವನ್ನೂ ಸಹಿಸಬೇಕೆಂದು ನಾನು ಹೇಳುತ್ತಿಲ್ಲ: ಇನ್ನೊಂದು ಮಗುವಿನ ಮೇಲೆ ಕೈಮಾಡಿದರೆ ತಕ್ಷಣ ತಡೆಯಲೇಬೇಕು, ಎಸೆದ ಪುಸ್ತಕವನ್ನು, ಮಗು ಶಾಂತವಾದ ಮೇಲೆ, ಅದರಿಂದಲೇ ಎತ್ತಿಸಬೇಕು. ಬಲವಂತದ ‘ಸಾರಿ’ ಮಾತ್ರ ನನಗೆ ಒಪ್ಪಿಗೆಯಿಲ್ಲ. ಡೈರಿಯಲ್ಲಿ ದೂರನ್ನಷ್ಟೇ ಬರೆದು ಕಳುಹಿಸುವುದೂ ಬೇಡ, ಏಕೆಂದರೆ ಎಷ್ಟೋ ಮನೆಗಳಲ್ಲಿ ಆ ಒಂದು ಸಾಲಿಗಾಗಿ ಮಗು ಏಟು ತಿನ್ನುತ್ತದೆ.

ಆ ಹುಡುಗ ಈಗಲೂ ಒಮ್ಮೊಮ್ಮೆ ಕಾರ್ಡನ್ನು ಮರೆತು ಹಳೆಯ ಮಾತಿಗೆ ಬಾಯಿ ತೆರೆಯುತ್ತಾನೆ. ನಾನು ಏನೂ ಹೇಳದೆ ಕಾರ್ಡಿನತ್ತ ಬೆರಳು ತೋರಿಸುತ್ತೇನೆ.