ಮನೆಯವರಿಗೂ ಒಂದು ಡೇರೆ

ಹಿರಿಯರೇ, ನನ್ನಂತೆಯೇ ಮನೆಯಲ್ಲೊಬ್ಬರನ್ನು ನೋಡಿಕೊಳ್ಳುತ್ತಿರುವ ತಂದೆತಾಯಂದಿರೇ,

ನನ್ನ ಮಗನಿಗೆ 19ನೆಯ ವಯಸ್ಸಿನಲ್ಲಿ ಸ್ಕಿಜೋಫ್ರೇನಿಯಾ ಕಾಣಿಸಿಕೊಂಡಿತು. ಡಿಪ್ಲೊಮಾ ಎರಡನೆಯ ವರ್ಷದಲ್ಲಿದ್ದವನು ಮೊದಲು ಊಟಕ್ಕೆ ಕರೆದರೆ ಬರದಾದ, ಆಮೇಲೆ ಕಿಟಕಿಗೆ ಹೊದಿಕೆ ಕಟ್ಟಿಕೊಂಡ, ಕೊನೆಗೆ ಪಕ್ಕದ ಮನೆಯವರು ತನ್ನನ್ನು ಬೈಯುವುದು ಗೋಡೆಯಾಚೆಯಿಂದ ಕೇಳಿಸುತ್ತದೆಂದು ರಾತ್ರಿಯಿಡೀ ಎಚ್ಚರವಿರತೊಡಗಿದ. ಪಕ್ಕದ ಮನೆ ಆಗ ಖಾಲಿ ಬಿದ್ದಿತ್ತು. ಆದರೂ ನಾವು ವೈದ್ಯರ ಬಳಿಗೆ ಹೋದದ್ದು 14 ತಿಂಗಳ ನಂತರ. ಅಷ್ಟು ಕಾಲ ಅದನ್ನು ಸೋಮಾರಿತನವೆಂದೆವು, ಗಾಳಿ ಸೋಕಿದೆಯೆಂದೆವು, ಗ್ರಹಚಾರವೆಂದೆವು. ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದ ಬಂಧುಗಳೂ ಇದ್ದರು. ‘ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು’ ಎಂಬ ಗಾದೆಯನ್ನು ಅಷ್ಟು ಸಲೀಸಾಗಿ ಆಡುವವರು, ಅದರೊಳಗೆ ಸಿಕ್ಕಿಬೀಳುವ ಹೆಣ್ಣಿನ ಬಾಳನ್ನು ನೆನೆಯಬೇಕು.

ಈ ಕಾಯಿಲೆ ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಹೆಚ್ಚಾಗಿ ಇದು ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ, ಅಂದರೆ ಓದು ಮುಗಿಸಿ ಕೆಲಸ ಹಿಡಿಯುವ ಹೊತ್ತಿನಲ್ಲೇ, ಆರಂಭವಾಗುತ್ತದೆ. ಇದು ಮಿದುಳಿಗೆ ಸಂಬಂಧಿಸಿದ ಕಾಯಿಲೆ. ಬೆಳೆಸಿದ ರೀತಿಯಿಂದ ಬಂದದ್ದಲ್ಲ. ಕಳೆದ ಶತಮಾನದ ಮಧ್ಯಭಾಗದಲ್ಲಿ ಪಾಶ್ಚಾತ್ಯ ಮನೋವೈದ್ಯರಲ್ಲಿ ಹಲವರು ಇದಕ್ಕೆ ತಾಯಿಯನ್ನೇ ಹೊಣೆ ಮಾಡಿದ್ದರು. ಆ ವಾದ ಈಗ ಬಿದ್ದುಹೋಗಿದೆ, ಆದರೆ ತಾಯಂದಿರ ಎದೆಯಿಂದ ಅದು ಸುಲಭವಾಗಿ ಹೋಗುವುದಿಲ್ಲ ಎಂಬುದನ್ನು ನಾನು ಬಲ್ಲೆ.

ಸರಿಸುಮಾರು ಅದೇ ಕಾಲದಲ್ಲಿ, 1950ರ ದಶಕದಲ್ಲಿ, ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಅವರು ಬೇರೊಂದು ದಾರಿ ಹಿಡಿದರು. ಆಸ್ಪತ್ರೆಯ ಆವರಣದಲ್ಲಿ ಸೇನೆಯ ಹಳೆಯ ಡೇರೆಗಳನ್ನು ಹಾಕಿಸಿ, ರೋಗಿಗಳ ಜೊತೆ ಅವರ ಮನೆಯವರನ್ನೂ ಅಲ್ಲೇ ಉಳಿಸಿಕೊಂಡು, ಕಾಯಿಲೆಯ ಬಗ್ಗೆ ಅವರಿಗೆ ತಿಳಿಹೇಳಿದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ನಮ್ಮ ನಿಮ್ಹಾನ್ಸ್ ಮುಂತಾದ ಕಡೆಗಳಲ್ಲಿಯೂ ಮನೆಯವರು ಜೊತೆಗಿರುವ ವಾರ್ಡುಗಳು ಬಂದವು. ನಾನು ಇಂದು ಹೇಳಬೇಕೆಂದು ಬಂದಿರುವುದು ಆ ಡೇರೆಯ ವಿಚಾರವನ್ನೇ. ನಾವು ಮಗನಿಗಾಗಿ ಸಹಾಯ ಹುಡುಕಿದೆವು; ನಮಗೂ ಸಹಾಯ ಬೇಕೆಂದು ಕೇಳಲು ಇನ್ನೂ ಮೂರು ವರ್ಷ ಹಿಡಿಯಿತು.

ಆ ಮೂರು ವರ್ಷಗಳಲ್ಲಿ ಅವನು ಮಾತ್ರೆ ಬಿಟ್ಟು ಎರಡು ಸಲ ಆಸ್ಪತ್ರೆ ಸೇರಿದ. ಮನೆಯಲ್ಲಿ ಅವನ ತಂದೆ ‘ಎದ್ದು ಏನಾದರೂ ಕೆಲಸ ಮಾಡೋ’ ಎಂದು ಬೆಳಗಿನಿಂದ ಗದರುತ್ತಿದ್ದರು; ನಾನು ಅದಕ್ಕೆ ಪ್ರತಿಯಾಗಿ ಅವನ ತಟ್ಟೆ ತೊಳೆಯುವುದರಿಂದ ಹಿಡಿದು ತಲೆ ಬಾಚುವವರೆಗೆ ಎಲ್ಲವನ್ನೂ ಮಾಡುತ್ತಿದ್ದೆ. ಸದಾ ಟೀಕೆ, ಸಿಟ್ಟು ಅಥವಾ ಅತಿಯಾದ ಆರೈಕೆ ಇರುವ ಮನೆಗೆ ಮರಳಿದವರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು ಎಂದು ಲಂಡನ್ನಿನಲ್ಲಿ ಸಮಾಜವಿಜ್ಞಾನಿ ಜಾರ್ಜ್ ಬ್ರೌನ್ ಮತ್ತು ಅವರ ಸಂಗಡಿಗರು ಬಹಳ ಹಿಂದೆಯೇ ಗುರುತಿಸಿದ್ದರು. ನಮಗೆ ಅದನ್ನು ತಿಳಿಸಿದವರು ಆಸ್ಪತ್ರೆಯ ಮನೋಸಾಮಾಜಿಕ ಕಾರ್ಯಕರ್ತೆಯೊಬ್ಬರು. ಅವರು ಹೇಳಿಕೊಟ್ಟದ್ದು ಬಹಳ ಸರಳವಾದ ಸಂಗತಿಗಳು: ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು, ಅವನಿಗೆ ಕೇಳಿಸುವ ದನಿಗಳು ಸುಳ್ಳೆಂದು ವಾದಿಸದೆ, ‘ನಿನಗೆ ಭಯವಾಗುತ್ತಿದೆಯೆಂದು ಕಾಣುತ್ತದೆ, ನಾನು ಇಲ್ಲೇ ಇದ್ದೇನೆ’ ಎನ್ನಬೇಕು, ಹಾಲು ತರುವ ಕೆಲಸ ಅವನದು, ತರದಿದ್ದ ದಿನ ಮನೆಯವರೆಲ್ಲ ಕಾಫಿ ಇಲ್ಲದೆ ಇರಬೇಕು. ಅವನ ತಂದೆಗೆ ಗದರದೇ ಇರುವುದು ಎಷ್ಟು ಕಷ್ಟವಾಯಿತೋ, ನನಗೆ ತಟ್ಟೆ ಮುಟ್ಟದೇ ಇರುವುದು ಅಷ್ಟೇ ಕಷ್ಟವಾಯಿತು.

ಸಹಾಯಕ್ಕೆ ಎಲ್ಲಿಗೆ ಹೋಗಬೇಕೆಂದು ಕೇಳುವವರಿಗೆ ಹೇಳುವುದಿಷ್ಟು. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಮನೆಯವರೂ ಮಾಡಬಹುದು. ಪ್ರತಿಯೊಂದಕ್ಕೂ ಬೆಂಗಳೂರಿಗೆ ಓಡಬೇಕಾಗಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು; ಆ ಕಾರ್ಯಕ್ರಮದ ತಂಡವನ್ನು ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧದ ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಸ್ವಂತ ಆರೈಕೆ, ಇತರರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ, ಇವುಗಳ ಜೊತೆಗೆ ಕಾಯಿಲೆಯ ಅವಧಿಯನ್ನೂ ಅಳೆದು ಶೇಕಡಾವಾರು ನಿರ್ಧರಿಸುತ್ತಾರೆ, ಶೇ. 40 ಅಥವಾ ಹೆಚ್ಚಿದ್ದರೆ ಹಲವು ಸೌಲಭ್ಯಗಳಿಗೆ ಅರ್ಹತೆ ದೊರೆಯುತ್ತದೆ. ನಾವು ಪ್ರಮಾಣಪತ್ರಕ್ಕೆ ಹೋದ ಕಚೇರಿಯೊಂದರಲ್ಲಿ ‘ಕೈಕಾಲು ಗಟ್ಟಿಯಾಗಿಯೇ ಇವೆಯಲ್ಲ’ ಎಂದರು. ಅವನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡ. ಆ ಮಾತನ್ನು ನಾನು ಮರೆತಿಲ್ಲ.

ನಮ್ಮ ನಂತರ ಯಾರು ಎಂಬುದು ಎಲ್ಲ ತಂದೆತಾಯಂದಿರ ಪ್ರಶ್ನೆ. ಕಾನೂನುಬದ್ಧ ಪಾಲಕರನ್ನು ನೇಮಿಸಲು ಅವಕಾಶವಿರುವ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಮತ್ತು ಬಹುವಿಧ ಅಂಗವೈಕಲ್ಯಗಳಿಗಷ್ಟೇ ಅನ್ವಯಿಸುತ್ತದೆ. ಸ್ಕಿಜೋಫ್ರೇನಿಯಾ ಅದರ ಹೊರಗೆ ಉಳಿದಿದೆ. ಇದು ಸರಿಯಾಗಬೇಕೆಂದು ನಾವೆಲ್ಲ ಒಟ್ಟಾಗಿ ಕೇಳಬೇಕು. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 14ನೆಯ ಕಲಮು ಒಂದು ಬಾಗಿಲು ತೆರೆದಿದೆ: ಚಿಕಿತ್ಸೆಯ ವಿಷಯದಲ್ಲಿ ತನಗೆ ನೆರವಾಗುವ ನಾಮನಿರ್ದೇಶಿತ ಪ್ರತಿನಿಧಿಯನ್ನು ವ್ಯಕ್ತಿ ತಾನೇ ಆರಿಸಿ, ಬಿಳಿ ಹಾಳೆಯ ಮೇಲೆ ಬರೆದು ಸಹಿ ಮಾಡಿಕೊಡಬಹುದು.

ಕಳೆದ ವರ್ಷ ನನ್ನ ಮಗ ಆ ಹಾಳೆಯನ್ನು ಬರೆದ. ನನ್ನ ಹೆಸರಿರುತ್ತದೆಂದು ನಾನು ಎಣಿಸಿದ್ದೆ. ಅವನು ತನ್ನ ದೊಡ್ಡಪ್ಪನ ಮಗಳ ಹೆಸರನ್ನು ಬರೆದಿದ್ದ. ಅವಳು ಒಪ್ಪಿದಳು. ಈಗ ಎರಡು ತಿಂಗಳಿಗೊಮ್ಮೆ ಅಕ್ಕತಮ್ಮ ಇಬ್ಬರೇ ಬೆಳಗಿನ ಬಸ್ಸಿಗೆ ಆಸ್ಪತ್ರೆಗೆ ಹೋಗುತ್ತಾರೆ, ನಾನು ಮನೆಯಲ್ಲಿರುತ್ತೇನೆ.