ಮೂಗು-ಮಾರಿ ಲಕ್ಷಣ

ಕೇಳುಗರಿಗೆ ನಮಸ್ಕಾರ.

ಹೆಣ್ಣು ನೋಡಿ ಬಂದವರಿಗೆ ನಮ್ಮ ಬಾಗಲಕೋಟೆ ಕಡೆ ಮೊದಲು ಬೀಳುವ ಪ್ರಶ್ನೆ, ‘ಹುಡುಗಿ ಹೆಂಗದಾಳ?’ ಉತ್ತರವೂ ಸಿದ್ಧ ಇರುತ್ತದೆ: ‘ಮೂಗು-ಮಾರಿ ಲಕ್ಷಣ ಅದಾವ, ಬಣ್ಣ ಒಂದೀಟು ಕಡಿಮಿ.’ ಬಣ್ಣ ಬೆಳ್ಳಗಿದ್ದರೆ ನಾವು ‘ಕೆಂಪಗದಾಳ’ ಅನ್ನುತ್ತೇವೆ. ಬೆಂಗಳೂರಿನವರಿಗೆ ಇದು ತಿಳಿಯೋದಿಲ್ಲ, ಬಿಡಿ. ಆದರೆ ಈ ಲಕ್ಷಣ ಅಳೆಯುವ ಕೋಲು ನಮ್ಮ ಕೈಗೆ ಬಂದದ್ದು ಎಲ್ಲಿಂದ?

ಇಂಗ್ಲೆಂಡಿನಲ್ಲಿ ಫ್ರಾನ್ಸಿಸ್ ಗಾಲ್ಟನ್ ಅಂತ ಒಬ್ಬ ವಿಜ್ಞಾನಿ ಇದ್ದ. ಕಳ್ಳರ ಮಾರಿಯಲ್ಲಿ ಕಳ್ಳಕಳೆ ಇದ್ದೇ ಇರುತ್ತದೆ ಅನ್ನುವ ಗುಮಾನಿ ಅವನಿಗೆ. ಕೈದಿಗಳ ಫೋಟೋಗಳನ್ನು ಕ್ಯಾಮೆರಾದ ಒಂದೇ ಪ್ಲೇಟಿನ ಮೇಲೆ ಒಂದರ ಮೇಲೊಂದು ಮೂಡಿಸಿ ನೋಡಿದ. ಕಳ್ಳರಿಗೆಲ್ಲ ಗುರುವಿನಂಥ ಮುಖ ಬರಬೇಕಿತ್ತು. ಬಂದದ್ದು ಆ ಕೈದಿಗಳಿಗಿಂತ ಚೆಂದದ ಮುಖ! ಒಬ್ಬನ ಸೊಟ್ಟ ಮೂಗು, ಇನ್ನೊಬ್ಬನ ಗುಳಿಬಿದ್ದ ಕೆನ್ನೆ ಎಲ್ಲ ಕರಗಿಹೋಗಿದ್ದವು. ಇದನ್ನವನು 1878ರಲ್ಲಿ ಬರೆದು ಪ್ರಕಟಿಸಿದ. 1990ರಲ್ಲಿ ಅಮೆರಿಕದ ಸಂಶೋಧಕರಾದ ಲ್ಯಾಂಗ್ಲಾಯ್ಸ್ ಮತ್ತು ರಾಗ್‌ಮನ್ ಕಂಪ್ಯೂಟರಿನಲ್ಲಿ ಮುಖಗಳನ್ನು ಬೆರೆಸಿದಾಗಲೂ ಹೀಗೇ ಆಯಿತು. ಬೆರಕೆ ಮುಖವೇ ಜನರಿಗೆ ಹಿಡಿಸಿತು.

ನಮ್ಮ ತಲೆಯಲ್ಲೂ ಅಂಥದೊಂದು ಪ್ಲೇಟ್ ಇದೆ ಅಂತ ನನಗನ್ನಿಸುತ್ತದೆ. ದಿನಾ ಕಂಡ ಮುಖಗಳೆಲ್ಲ ಅದರ ಮೇಲೆ ಬೀಳುತ್ತಲೇ ಇರುತ್ತವೆ. ಎಲ್ಲರ ಪ್ಲೇಟೂ ಒಂದೇ ಅಲ್ಲ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 547 ಜೋಡಿ ತದ್ರೂಪಿ ಅವಳಿಗಳಿಗೆ ಮುಖಗಳನ್ನು ತೋರಿಸಿ, ಯಾವುದು ಚೆಂದ ಅಂತ ಕೇಳಿದರು. ಒಂದೇ ಬಸಿರು, ಒಂದೇ ಮನೆ. ಆದರೂ ಮೆಚ್ಚಿದ್ದು ಬೇರೆ ಬೇರೆ! ಈ ವ್ಯತ್ಯಾಸಕ್ಕೆ ರಕ್ತಕ್ಕಿಂತ ಜಾಸ್ತಿ ಕಾರಣ ಅವರವರು ಕಂಡುಂಡ ಬದುಕು ಅಂತ ಗೊತ್ತಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಹಿರಿಯರು ಸುಮ್ನೆ ಹೇಳಲಿಲ್ಲ.

ಬಾದಾಮಿಯ ಮೂರನೇ ಗುಹೆಗೆ ಹೋದರೆ ಕತ್ತೆತ್ತಿ ನೋಡಿ. ಕ್ರಿ.ಶ. 578ರ ಕೆಲಸ. ಕಂಬದ ತುದಿಯಲ್ಲಿ ನಿಂತ ಜೋಡಿಗಳ ಕೆನ್ನೆ ತುಂಬಿಕೊಂಡಿವೆ, ತುಟಿ ದಪ್ಪ. ಕಲ್ಲಂತೂ ಕೆಂಪು, ನಿಜವಾದ ಕೆಂಪು. ಇವತ್ತಿನ ಮೊಬೈಲ್ ಫಿಲ್ಟರ್ ಆ ಕೆನ್ನೆಗಳನ್ನು ಅರ್ಧ ಕೊರೆದು ಹಾಕುತ್ತದೆ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ ಕ್ರೀಮು 2020ರಲ್ಲಿ ಹೆಸರಿನಿಂದ ‘ಫೇರ್’ ಕಿತ್ತುಹಾಕಿತು. ಹೆಣ್ಣು ನೋಡುವವರ ಬಾಯಿಂದ ಅದಿನ್ನೂ ಹೋಗಿಲ್ಲ.

ಮೊನ್ನೆ ನವನಗರದಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಿದೆ. ಸ್ಟುಡಿಯೋದ ಹುಡುಗ ಕೇಳದೇ ನನ್ನ ಬಣ್ಣ ತಿಳಿ ಮಾಡಿದ. ಮೌಸು ಒತ್ತಿದ್ದೇ ತಡ, ಎಡಗೆನ್ನೆಯ ಮಚ್ಚೆಯೂ ಮಾಯ.

‘ತಮ್ಮಾ, ಅದು ನಮ್ಮವ್ವನ ಮಚ್ಚಿ. ವಾಪಸ್ ಹಚ್ಚು’ ಅಂದೆ.

‘ಎಲ್ಲಾರೂ ತಗೀರಿ ಅಂತಾರ ಅಕ್ಕಾರ, ನೀವೊಬ್ಬರ ಹಚ್ಚು ಅನ್ನಾವ್ರು’ ಅಂತ ನಕ್ಕ.

ಪ್ರಿಂಟ್ ತಂದು ಮನೆಯಲ್ಲಿ ನೋಡುತ್ತೇನೆ, ಮಚ್ಚೆ ಇದೆ. ಬಲಗೆನ್ನೆಯ ಮೇಲೆ.