ಕೊನೆಯ 20% ಚಾರ್ಜ್ ಆಗೋಕೆ ಯಾಕಷ್ಟು ಹೊತ್ತು?

[ದೃಶ್ಯ: ಚಾರ್ಜ್ ಆಗ್ತಿರೋ ಫೋನ್, 12%. ಕೇಬಲ್ ನಡುವೆ ಯುಎಸ್‌ಬಿ ಮೀಟರ್]

ಗೋಡೆಯ ಸಾಕೆಟ್‌ಗೆ ಸಿಕ್ಕಿಸೋದನ್ನ ಎಲ್ಲರೂ ಚಾರ್ಜರ್ ಅಂತೀವಿ. ಅದು ನಿಜಕ್ಕೂ ಅಡಾಪ್ಟರ್. 230 ವೋಲ್ಟ್ ಎಸಿಯನ್ನ 5 ಅಥವಾ 9 ವೋಲ್ಟ್ ಡಿಸಿ ಮಾಡಿಕೊಡುತ್ತೆ, ಅಷ್ಟೆ. ಬ್ಯಾಟರಿಗೆ ಎಷ್ಟು ಕರೆಂಟ್ ಹೋಗಬೇಕು, ಯಾವಾಗ ನಿಲ್ಲಬೇಕು ಅನ್ನೋದನ್ನ ತೀರ್ಮಾನಿಸೋದು ಫೋನಿನ ಒಳಗಿರೋ ಚಾರ್ಜಿಂಗ್ ಐಸಿ, ಅಂದರೆ ಒಂದು ಪುಟ್ಟ ಚಿಪ್. ಹಾಗಾಗಿ 18 ವ್ಯಾಟ್ ಫೋನಿಗೆ ಒಳ್ಳೆಯ 65 ವ್ಯಾಟ್ ಅಡಾಪ್ಟರ್ ಹಾಕಿದರೂ ಏನೂ ಸುಡಲ್ಲ. ಫೋನ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತೆ.

[ಆನಿಮೇಷನ್: ಬ್ಯಾಟರಿಯ ಒಳಪದರಗಳು]

ಒಂದು ಕಡೆ ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಲೇಪನ. ಇನ್ನೊಂದು ಕಡೆ ತಾಮ್ರದ ಹಾಳೆ, ಅದರ ಮೇಲೆ ಗ್ರಾಫೈಟ್. ನಡುವೆ ತೆಳು ಪ್ಲಾಸ್ಟಿಕ್ ಪೊರೆ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು (ವಿದ್ಯುದಾವೇಶ ಇರೋ ಲಿಥಿಯಂ ಕಣಗಳು) ಆಕ್ಸೈಡ್ ಬಿಟ್ಟು, ಪೊರೆ ದಾಟಿ, ಗ್ರಾಫೈಟ್ ಪದರಗಳ ನಡುವೆ ಹೋಗಿ ಕೂರುತ್ತವೆ.

[ಗ್ರಾಫ್: ಕರೆಂಟ್ ಕೆಂಪು ಗೆರೆ, ವೋಲ್ಟೇಜ್ ನೀಲಿ ಗೆರೆ]

ಈಗ ಈ ಗ್ರಾಫ್ ನೋಡಿ. 5000 ಎಂಎಎಚ್ ಬ್ಯಾಟರಿ, 4 ಆಂಪಿಯರ್ ಕರೆಂಟ್ ಅಂತ ಇಟ್ಟುಕೊಳ್ಳೋಣ. ಮೊದಲ ಹಂತದಲ್ಲಿ ಕೆಂಪು ಗೆರೆ ನೇರವಾಗಿದೆ: ಕರೆಂಟ್ ಬದಲಾಗಲ್ಲ, ವೋಲ್ಟೇಜ್ ಮಾತ್ರ ಏರ್ತಾ ಹೋಗುತ್ತೆ. ಇಂದಿನ ಬಹುತೇಕ ಫೋನ್ ಬ್ಯಾಟರಿಗಳಿಗೆ ಮಿತಿ ಸುಮಾರು 4.4 ವೋಲ್ಟ್; ಹಳೆಯವಕ್ಕೆ 4.2. ಅಲ್ಲಿಗೆ ಮುಟ್ಟಿದ ತಕ್ಷಣ ಬ್ಯಾಟರಿ ತುಂಬಿತು ಅಂತಲ್ಲ. ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್, ಅಂದರೆ ಕರೆಂಟ್‌ಗೆ ಒಡ್ಡೋ ತಡೆ, 50 ಮಿಲಿಓಮ್ ಇದ್ದರೆ, 4 ಆಂಪಿಯರ್ ಹರಿಯುವಾಗ 0.2 ವೋಲ್ಟ್ ಅದಕ್ಕೇ ಖರ್ಚು. ಹೊರಗೆ 4.4 ಕಂಡರೂ ಒಳಗೆ ಇರೋದು 4.2.

ಇನ್ನು ವೋಲ್ಟೇಜ್ ಏರಿಸೋ ಹಾಗಿಲ್ಲ. ಐಸಿ ಅದನ್ನ 4.4ರಲ್ಲೇ ಹಿಡಿದಿಡುತ್ತೆ, ಒಳಗಿನ ವೋಲ್ಟೇಜ್ ಅದಕ್ಕೆ ಹತ್ತಿರವಾದಂತೆ ಕರೆಂಟ್ ತಾನಾಗಿ ಇಳಿಯುತ್ತೆ: 3, 2, 1, ಅರ್ಧ ಆಂಪಿಯರ್. ಸುಮಾರು ಕಾಲು ಆಂಪಿಯರ್‌ಗೆ ಬಂದಾಗ ಪೂರ್ತಿ ನಿಲ್ಲಿಸುತ್ತೆ. ಕೊನೆಯ 20% ಎಳೆದಾಡೋದು ಇದಕ್ಕೇ. ಫಾಸ್ಟ್ ಚಾರ್ಜಿಂಗ್ ಜಾಹೀರಾತಿನವರು "15 ನಿಮಿಷಕ್ಕೆ 50%" ಅಂತ ಕೂಗೋದೂ ಇದಕ್ಕೇ. ಉಳಿದ 50%ರ ಲೆಕ್ಕ ಅವರಿಗೆ ಬೇಡ.

ರಾತ್ರಿಯಿಡೀ ಹಾಕಿಟ್ಟರೆ ಓವರ್‌ಚಾರ್ಜ್ ಆಗುತ್ತಾ? ಆಗಲ್ಲ, ಐಸಿ ನಿಲ್ಲಿಸಿರುತ್ತೆ. ಆದರೆ ಗಂಟೆಗಟ್ಟಲೆ 4.4 ವೋಲ್ಟ್‌ನಲ್ಲಿ ಇರೋದೇ ಬ್ಯಾಟರಿಗೆ ಕಷ್ಟ. ಆ ವೋಲ್ಟೇಜ್‌ನಲ್ಲಿ ಎಲೆಕ್ಟ್ರೋಲೈಟ್ (ಅಯಾನುಗಳು ಓಡಾಡೋ ಒಳಗಿನ ದ್ರವ) ನಿಧಾನಕ್ಕೆ ಕೆಡುತ್ತೆ, ಬಿಸಿ ಸೇರಿದರೆ ಇನ್ನೂ ಬೇಗ. ದಿಂಬಿನ ಕೆಳಗೆ ಇಟ್ಟು ಚಾರ್ಜ್ ಮಾಡೋದು ಇವೆರಡನ್ನೂ ಒಟ್ಟಿಗೆ ಮಾಡಿದ ಹಾಗೆ. ಸೆಟ್ಟಿಂಗ್ಸ್‌ನಲ್ಲಿ 80% ಮಿತಿ ಇದ್ದರೆ ಆನ್ ಮಾಡಿ.

[ದೃಶ್ಯ: ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಫೋನ್]

ಬಿಸಿಯ ಲೆಕ್ಕವೂ ಇದೆ. ಕರೆಂಟ್ ಎರಡು ಪಟ್ಟಾದರೆ ಬ್ಯಾಟರಿಯೊಳಗಿನ ಬಿಸಿ ನಾಲ್ಕು ಪಟ್ಟು. ಅದೇ 50 ಮಿಲಿಓಮ್‌ಗೆ 4 ಆಂಪಿಯರ್‌ನಲ್ಲಿ 0.8 ವ್ಯಾಟ್, 8 ಆಂಪಿಯರ್‌ನಲ್ಲಿ 3.2 ವ್ಯಾಟ್. ಸಾಮಾನ್ಯವಾಗಿ ಬ್ಯಾಟರಿ 45 ಡಿಗ್ರಿ ಸಮೀಪಿಸಿದರೆ ಫೋನ್ ಕರೆಂಟ್ ಇಳಿಸುತ್ತೆ ಅಥವಾ ಚಾರ್ಜಿಂಗ್ ನಿಲ್ಲಿಸುತ್ತೆ. ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನ ಗಾಳಿಯೇ 40 ದಾಟಿರುತ್ತೆ. ಅಂಥ ಬಿಸಿಲಲ್ಲಿ ಮ್ಯಾಪ್ ಹಾಕಿಕೊಂಡು ಚಾರ್ಜಿಗಿಟ್ಟರೆ ಪರ್ಸೆಂಟ್ ಏರಲ್ಲ, ಕೇಬಲ್ ಬೈಯ್ಯಬೇಡಿ. ಸೊನ್ನೆ ಡಿಗ್ರಿಗಿಂತ ಕೆಳಗೆ ತೊಂದರೆ ಬೇರೆ: ಲಿಥಿಯಂ ಗ್ರಾಫೈಟ್ ಒಳಗೆ ಹೋಗದೆ ಮೇಲೆಯೇ ಲೋಹವಾಗಿ ಕೂರುತ್ತೆ. ಕೆನಡಾದ ಚಳಿಯಲ್ಲಿ ಇರೋರು ಫೋನನ್ನ ಒಳಗೆ ತಂದು, ಬೆಚ್ಚಗಾದ ಮೇಲೆ ಹಾಕಿ.

ಹಾಗಂತ ಕೇಬಲ್ ಯಾವಾಗಲೂ ನಿರಪರಾಧಿ ಅಲ್ಲ. ತೆಳು ತಂತಿಯ ಕೇಬಲ್‌ನಲ್ಲಿ 0.2 ಓಮ್ ಇದ್ದರೂ 2 ಆಂಪಿಯರ್‌ಗೆ 0.4 ವೋಲ್ಟ್ ದಾರಿಯಲ್ಲೇ ಹೋಗುತ್ತೆ.

[ದೃಶ್ಯ: ಬೀರುವಿನಿಂದ ತೆಗೆದ ಟ್ಯಾಬ್, ಕಪ್ಪು ಪರದೆ]

ಆನ್‌ಲೈನ್ ಕ್ಲಾಸ್ ಮುಗಿದ ಮೇಲೆ ಬೀರು ಸೇರಿದ ಟ್ಯಾಬ್ ಎಷ್ಟೋ ಮನೆಗಳಲ್ಲಿದೆ. ಬ್ಯಾಟರಿ 3 ವೋಲ್ಟ್‌ಗಿಂತ ಕೆಳಗಿಳಿದಿದ್ದರೆ ಐಸಿ ಮೊದಲು ತೀರಾ ಸಣ್ಣ ಕರೆಂಟ್ ಕೊಟ್ಟು ನೋಡುತ್ತೆ. ಅರ್ಧ ಗಂಟೆ ಪರದೆ ಕಪ್ಪಾಗೇ ಇದ್ದರೂ ಬಿಡಿ, ಪವರ್ ಬಟನ್ ಒತ್ತುತ್ತಾ ಇರಬೇಡಿ. ಇನ್ನೂ ತೀರಾ ಕೆಳಗೆ ಹೋಗಿದ್ದರೆ ತಾಮ್ರದ ಹಾಳೆಯೇ ಕರಗೋಕೆ ಶುರುವಾಗಿರುತ್ತೆ. ಅಂಥದ್ದನ್ನ ಎಬ್ಬಿಸೋಕೆ ಹೋಗೋದು ಅಪಾಯ. ಹಿಂದಿನ ಕವರ್ ಉಬ್ಬಿದ್ದರಂತೂ ಚಾರ್ಜಿಗೆ ಹಾಕಲೇಬೇಡಿ. ಒಳಗೆ ಗ್ಯಾಸ್ ತುಂಬಿದೆ. ಒತ್ತಬೇಡಿ, ಚುಚ್ಚಬೇಡಿ, ಸರ್ವಿಸ್ ಸೆಂಟರ್‌ಗೆ ಅಥವಾ ಇ-ತ್ಯಾಜ್ಯ ತೆಗೆದುಕೊಳ್ಳೋರಿಗೆ ಕೊಡಿ. ಟ್ಯಾಬ್ ಸರಿಯಾಗಿದ್ದು, ಮತ್ತೆ ಎತ್ತಿಡೋದಾದರೆ 50% ಚಾರ್ಜ್ ಮಾಡಿ, ಸ್ವಿಚ್ ಆಫ್ ಮಾಡಿ ಇಡಿ. ಮೂರ್ನಾಲ್ಕು ತಿಂಗಳಿಗೊಮ್ಮೆ ತೆಗೆದು ನೋಡಿ.